ಪ್ರೋಟೀನಿನ ನಾಲ್ಕು ರಚನೆ, ಒಂದು ಕಡಲೆಕಾಯಿ

ಪ್ರಶ್ನೆ: ಮಗಳು ಮೊದಲನೇ ಪಿಯುಸಿ ಓದುತ್ತಿದ್ದಾಳೆ. ಅವಳ ಜೀವಶಾಸ್ತ್ರದ ಪುಸ್ತಕದಲ್ಲಿ ಪ್ರೋಟೀನಿಗೆ ಪ್ರಾಥಮಿಕ, ದ್ವಿತೀಯ, ತೃತೀಯ, ಚತುರ್ಥ ಎಂದು ನಾಲ್ಕು ರಚನೆ ಹೇಳಿದ್ದಾರೆ. ಇರುವುದು ಒಂದೇ ಸರಪಳಿ ಅಂದಮೇಲೆ ನಾಲ್ಕು ರಚನೆ ಹೇಗೆ? ಮೊದಲು ಒಂದಾಗಿದ್ದು ಆಮೇಲೆ ಇನ್ನೊಂದಾಗುತ್ತದೆಯೇ? ಬೇಯಿಸಿದರೆ ಈ ರಚನೆ ಕೆಡುತ್ತದೆ ಎಂದೂ ಓದಿದೆ. ಹಾಗಾದರೆ ನಾವು ದಿನಾ ತಿನ್ನುತ್ತಿರುವುದು ಕೆಟ್ಟ ಪ್ರೋಟೀನೇ?
– ಓದುಗರೊಬ್ಬರು, ಸುಬ್ರಹ್ಮಣ್ಯಪುರ, ಬೆಂಗಳೂರು

ಉತ್ತರ: ಬೇಯಿಸುವ ಮಾತನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದರ ಉತ್ತರ ಚಿಕ್ಕದು. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಆಕಾರ ಕಳೆದುಕೊಂಡಿರುತ್ತದೆ, ಆಹಾರದ ಗುಣವನ್ನಲ್ಲ. ಮರಿಯಾಗಬೇಕಿದ್ದ ಮೊಟ್ಟೆಗೆ ಆ ಪ್ರೋಟೀನಿನಿಂದ ಇನ್ನು ಪ್ರಯೋಜನವಿಲ್ಲ. ತಿನ್ನುವ ನಿಮಗೆ ಮಾತ್ರ ಹಸಿ ಮೊಟ್ಟೆಗಿಂತ ಬೇಯಿಸಿದ್ದೇ ಚೆನ್ನಾಗಿ ಜೀರ್ಣವಾಗುತ್ತದೆ. ಎರಡೂ ಏಕಕಾಲಕ್ಕೆ ಹೇಗೆ ನಿಜವಾಗುತ್ತವೆ ಎಂದು ಕೇಳಿದರೆ ನಿಮ್ಮ ಮೊದಲ ಪ್ರಶ್ನೆಗೇ ಬರಬೇಕಾಗುತ್ತದೆ.

ನಾಲ್ಕು ರಚನೆ ಎಂದರೆ ಒಂದೇ ಅಣುವಿನ ಮುಂದೆ ನಿಂತು ಕೇಳುವ ನಾಲ್ಕು ಪ್ರಶ್ನೆ. ಸರಪಳಿಯಲ್ಲಿ ಯಾವ ಅಮೈನೋ ಆಮ್ಲದ ನಂತರ ಯಾವುದಿದೆ? ಅಕ್ಕಪಕ್ಕದ ತುಣುಕುಗಳು ಯಾವ ವಿನ್ಯಾಸದಲ್ಲಿ ಸುತ್ತಿಕೊಂಡಿವೆ? ಇಡೀ ಸರಪಳಿ ಒಟ್ಟಾರೆ ಯಾವ ಆಕಾರಕ್ಕೆ ಮಡಚಿಕೊಂಡಿದೆ? ಹೀಗೆ ಮಡಚಿಕೊಂಡ ಸರಪಳಿಗಳು ಎಷ್ಟು ಸೇರಿವೆ, ಹೇಗೆ ಸೇರಿವೆ? ಪ್ರಾಥಮಿಕದಿಂದ ಚತುರ್ಥದವರೆಗಿನ ಹೆಸರುಗಳು ಈ ನಾಲ್ಕು ಪ್ರಶ್ನೆಗಳಿಗೆ ಸಿಗುವ ಉತ್ತರಗಳ ಹೆಸರು. ಪುಸ್ತಕದಲ್ಲಿ ಇವನ್ನು ಬಾಣದ ಗುರುತು ಹಾಕಿ ಒಂದರ ಪಕ್ಕ ಒಂದು ಬರೆದಿರುವುದರಿಂದ, ಸರಪಳಿ ಮೊದಲು ನೆಟ್ಟಗಿದ್ದು, ಆಮೇಲೆ ಸುರುಳಿಯಾಗಿ, ಆಮೇಲೆ ಉಂಡೆಯಾಗುತ್ತದೆ ಎಂದು ಮಕ್ಕಳಿಗೆ ಅನಿಸುವುದು ಸಹಜ. ಜೀವಕೋಶದಲ್ಲಿ ಹಾಗೆ ಸರದಿ ಪ್ರಕಾರ ನಡೆಯುವುದಿಲ್ಲ. ಸರಪಳಿ ಇನ್ನೂ ಪೂರ್ತಿ ತಯಾರಾಗುವ ಮೊದಲೇ ಅದರ ಹುಟ್ಟಿದ ತುದಿ ಮಡಚಿಕೊಳ್ಳಲು ಶುರುಮಾಡಿರುತ್ತದೆ. ಸುರುಳಿಯಾಗುವುದೂ ಉಂಡೆಯಾಗುವುದೂ ಒಟ್ಟೊಟ್ಟಿಗೇ ನಡೆಯುತ್ತವೆ, ಚಿಕ್ಕ ಪ್ರೋಟೀನುಗಳಲ್ಲಂತೂ ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಮುಗಿದೇಹೋಗುತ್ತವೆ.

ಈ ಹೆಸರುಗಳಲ್ಲಿ ಮೊದಲ ಮೂರನ್ನು ಇಟ್ಟವರು ಡೆನ್ಮಾರ್ಕಿನ ಕೈ ಲಿಂಡರ್‌ಸ್ಟ್ರೋಮ್-ಲಾಂಗ್, 1951ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ. ನಾಲ್ಕನೆಯದನ್ನು 1958ರಲ್ಲಿ ಸೇರಿಸಿದವರು ಬ್ರಿಟನ್ನಿನ ಜೆ. ಡಿ. ಬರ್ನಾಲ್. ಈ ಬರ್ನಾಲ್ ಮುಂದೆ ಇನ್ನೊಮ್ಮೆ ಬರುತ್ತಾರೆ. 1951ರಲ್ಲಿ ಒಂದೇ ಒಂದು ಪ್ರೋಟೀನಿನ ಪೂರ್ಣ ಆಕಾರವನ್ನೂ ಯಾರೂ ಕಂಡಿರಲಿಲ್ಲ ಎಂಬುದನ್ನು ಗಮನಿಸಿ. ತಿಮಿಂಗಿಲದ ಸ್ನಾಯುವಿನ ಮಯೋಗ್ಲೋಬಿನ್ ಅಣುವಿನ ಮೊದಲ ಒರಟು ಚಿತ್ರವನ್ನು ಜಾನ್ ಕೆಂಡ್ರ್ಯೂ ಕೊಟ್ಟಿದ್ದು 1958ರಲ್ಲಿ. ಅಂದರೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಿದ್ದರು. ಆ ಕುಲಾವಿ ಎಪ್ಪತ್ತು ವರ್ಷ ಕಳೆದರೂ ಬಹುಪಾಲು ಪ್ರೋಟೀನುಗಳಿಗೆ ಸರಿಹೊಂದುತ್ತಿದೆ ಎಂಬುದು ಮೆಚ್ಚಬೇಕಾದ್ದೇ. ಹೊಂದದವೂ ಇವೆ, ಅವುಗಳಲ್ಲಿ ಒಂದೆರಡು ನಮ್ಮ ಊರಿನ ಲ್ಯಾಬಿನಲ್ಲೇ ಬೆಳಕಿಗೆ ಬಂದವು.

ಪ್ರಾಥಮಿಕ ರಚನೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಮೈನೋ ಆಮ್ಲಗಳು ಇಪ್ಪತ್ತು ಬಗೆ, ಅವು ಯಾವ ಅನುಕ್ರಮದಲ್ಲಿ ಪೆಪ್ಟೈಡ್ ಬಂಧದಿಂದ ಕೂಡಿಕೊಂಡಿವೆ ಎಂಬುದೇ ಪ್ರಾಥಮಿಕ ರಚನೆ. ಈ ಅನುಕ್ರಮವನ್ನು ಮೊದಲು ಓದಿದ್ದು ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್, ಇನ್ಸುಲಿನ್ನಿನಲ್ಲಿ. ಒಂದು ಸರಪಳಿಯಲ್ಲಿ 21, ಇನ್ನೊಂದರಲ್ಲಿ 30, ಒಟ್ಟು 51 ಅಮೈನೋ ಆಮ್ಲ. ಇಷ್ಟಕ್ಕೆ ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. 1958ರ ನೊಬೆಲ್ ಅದಕ್ಕೇ ಸಂದಿತು.

ದ್ವಿತೀಯ ರಚನೆಗೆ ಬಂದರೆ ಕಥೆ ಮದರಾಸಿಗೂ ಬೆಂಗಳೂರಿಗೂ ಬರುತ್ತದೆ, ಅಲ್ಲಿ ಸ್ವಲ್ಪ ನಿಲ್ಲೋಣ. ಜಿ. ಎನ್. ರಾಮಚಂದ್ರನ್ 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದವರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದರು. ಸಿ. ವಿ. ರಾಮನ್ ಅವರನ್ನು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಕೇಂಬ್ರಿಜ್‌ಗೆ ಹೋಗಿ ಬಂದು, 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅದೇ ವರ್ಷ ಮದರಾಸಿಗೆ ಬಂದ ಬರ್ನಾಲ್, ಕೊಲಾಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಯಾರಿಗೂ ಬಿಡಿಸಲಾಗಿಲ್ಲ ಎಂಬ ಮಾತೆತ್ತಿದರು. ಚರ್ಮ, ಮೂಳೆ, ಸ್ನಾಯುರಜ್ಜು ಎಲ್ಲವನ್ನೂ ಹಿಡಿದಿಟ್ಟಿರುವ ಪ್ರೋಟೀನ್ ಅದು. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ 1954ರಲ್ಲಿ ಉತ್ತರ ಕೊಟ್ಟರು: ಕೊಲಾಜನ್ ಎಂದರೆ ಒಂದಕ್ಕೊಂದು ಹೊಸೆದುಕೊಂಡ ಮೂರು ಸರಪಳಿ. ಮರುವರ್ಷ ಅದನ್ನೇ ಇನ್ನಷ್ಟು ತಿದ್ದಿದರು. ಪ್ರತಿ ಮೂರನೇ ಅಮೈನೋ ಆಮ್ಲ ಗ್ಲೈಸೀನ್ ಆಗಿಯೇ ಇರಬೇಕು, ಏಕೆಂದರೆ ಮೂರೂ ಎಳೆ ಕೂಡುವ ಒಳಜಾಗದಲ್ಲಿ ಅತ್ಯಂತ ಚಿಕ್ಕದಾದ ಗ್ಲೈಸೀನ್ ಬಿಟ್ಟರೆ ಬೇರೆ ಯಾವುದೂ ಹಿಡಿಸದು.

ಕೊಲಾಜನ್ನನ್ನು ನಾಲ್ಕು ಮಟ್ಟದ ಪಟ್ಟಿಯಲ್ಲಿ ಕೂರಿಸಲು ಹೋದರೆ ಪಟ್ಟಿಯೇ ತಡವರಿಸುತ್ತದೆ. ಒಂದೊಂದು ಎಳೆಯ ತಿರುವು ದ್ವಿತೀಯ ರಚನೆ ಎನ್ನಬಹುದು, ಮೂರು ಎಳೆ ಕೂಡಿರುವುದು ಚತುರ್ಥ. ನಡುವಿನ ತೃತೀಯ ಎಲ್ಲಿ? ಉಂಡೆಯಾಗಿ ಮಡಚಿಕೊಳ್ಳುವುದೇ ಇಲ್ಲದ ಈ ಉದ್ದನೆಯ ಅಣುವಿನಲ್ಲಿ ಹಾಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮಯೋಗ್ಲೋಬಿನ್ನಿನಲ್ಲಿ ಇನ್ನೊಂದು ಥರ: ಇರುವುದು ಒಂದೇ ಸರಪಳಿ, ಆದ್ದರಿಂದ ಚತುರ್ಥ ರಚನೆಯ ಮಾತೇ ಬರುವುದಿಲ್ಲ. ಎಲ್ಲ ಪ್ರೋಟೀನಿಗೂ ನಾಲ್ಕೂ ರಚನೆ ಇರುತ್ತದೆ ಎಂದು ಮಗಳು ಬಾಯಿಪಾಠ ಮಾಡಿದ್ದರೆ ಅದನ್ನು ಇಲ್ಲಿಗೇ ತಿದ್ದಿಕೊಳ್ಳಲಿ. (ಈಗ ಜಯನಗರದ ಔಷಧಿ ಅಂಗಡಿಗಳಲ್ಲೂ ಕೊಲಾಜನ್ ಪುಡಿಯ ಡಬ್ಬಿಗಳು ಕಾಣುತ್ತವೆ. ಹೊಟ್ಟೆಗೆ ಹೋದ ಕೊಲಾಜನ್ ಅಮೈನೋ ಆಮ್ಲ ಮತ್ತು ಪುಟ್ಟ ಪೆಪ್ಟೈಡ್ ತುಣುಕುಗಳಾಗಿ ಒಡೆದು ರಕ್ತಕ್ಕೆ ಸೇರುತ್ತದೆಯೇ ಹೊರತು, ಮೂರೆಳೆಯ ಹುರಿಯಾಗಿ ನೇರ ಮುಖಕ್ಕೆ ಹೋಗಿ ಕೂರುವುದಿಲ್ಲ. ದುಡ್ಡು ನಿಮ್ಮದು, ಯೋಚಿಸಿ.)

ಕೊಲಾಜನ್ ಬಿಡಿಸಿದ ಮೇಲೆ ರಾಮಚಂದ್ರನ್‌ರಿಗೆ ಒಂದು ಮೂಲಭೂತ ಪ್ರಶ್ನೆ ಎದುರಾಯಿತು: ಪ್ರೋಟೀನ್ ಸರಪಳಿ ಎಷ್ಟು ಬಗೆಯಲ್ಲಿ ತಿರುಗಬಲ್ಲದು? ಪೆಪ್ಟೈಡ್ ಬಂಧ ಚಪ್ಪಟೆ, ಅದು ತಿರುಗದು. ಪ್ರತಿ ಅಮೈನೋ ಆಮ್ಲದ ನಡುವಿನ ಇಂಗಾಲದ ಪರಮಾಣುವಿನ ಎರಡೂ ಕಡೆ ಇರುವ ಬಂಧಗಳು ಮಾತ್ರ ತಿರುಗಬಲ್ಲವು. ಆ ಎರಡು ತಿರುವಿನ ಕೋನಗಳಿಗೆ ಫೈ ಮತ್ತು ಸೈ ಎಂದು ಹೆಸರು. ಫೈ ಕೋನವನ್ನು ಅಡ್ಡಕ್ಕೂ ಸೈ ಕೋನವನ್ನು ಉದ್ದಕ್ಕೂ ಇಟ್ಟು, ಎರಡನ್ನೂ −180ರಿಂದ +180 ಡಿಗ್ರಿವರೆಗೆ ಬರೆದರೆ ಒಂದು ಚೌಕ ಸಿಗುತ್ತದೆ. ಈಗ ಒಂದೊಂದೇ ಕೋನದ ಜೋಡಿ ತೆಗೆದುಕೊಂಡು, ಆ ತಿರುವಿನಲ್ಲಿ ಯಾವ ಎರಡು ಪರಮಾಣುಗಳು ಒಂದರ ಮೇಲೊಂದು ಬೀಳುತ್ತವೆ ಎಂದು ಲೆಕ್ಕ ಹಾಕಬೇಕು. ಬಿದ್ದರೆ ಆ ಬಿಂದು ನಿಷಿದ್ಧ. ಹೀಗೆ ಇಡೀ ಚೌಕ ಲೆಕ್ಕ ಹಾಕಿ ಮುಗಿಸಿದಾಗ ಬಹುಪಾಲು ನಿಷಿದ್ಧವಾಗಿ, ಅಲ್ಲೊಂದು ಇಲ್ಲೊಂದು ದ್ವೀಪ ಮಾತ್ರ ಉಳಿಯಿತು. ಒಂದು ದ್ವೀಪದಲ್ಲಿ, ಫೈ −57, ಸೈ −47 ಡಿಗ್ರಿಯ ಆಸುಪಾಸಿನಲ್ಲಿ, ಲೈನಸ್ ಪೌಲಿಂಗ್ 1951ರಲ್ಲಿ ಸೂಚಿಸಿದ್ದ ಆಲ್ಫಾ ಸುರುಳಿ ಕೂತಿತ್ತು, ಒಂದು ಸುತ್ತಿಗೆ 3.6 ಅಮೈನೋ ಆಮ್ಲದ ಸುರುಳಿ. ಇನ್ನೊಂದು ದೊಡ್ಡ ದ್ವೀಪದಲ್ಲಿ ಬೀಟಾ ಹಾಳೆ ಕೂತಿತ್ತು. ನಿಮ್ಮ ಮಗಳ ಪುಸ್ತಕ ದ್ವಿತೀಯ ರಚನೆ ಎಂದು ಹೆಸರಿಸುವ ಎರಡು ಮುಖ್ಯ ವಿನ್ಯಾಸ ಯಾಕೆ ಮತ್ತೆ ಮತ್ತೆ ಬರುತ್ತವೆ ಎಂಬುದಕ್ಕೆ ಇದು ಉತ್ತರ. ಹೈಡ್ರೋಜನ್ ಬಂಧ ಅವನ್ನು ಬಿಗಿ ಮಾಡುತ್ತದೆ, ಸರಿ. ಅದಕ್ಕೂ ಮೊದಲು, ಪರಮಾಣುಗಳಿಗೆ ಒಂದಕ್ಕೊಂದು ಡಿಕ್ಕಿ ಹೊಡೆಯದೆ ನಿಲ್ಲಲು ಬೇರೆ ಜಾಗವೇ ಹೆಚ್ಚು ಇಲ್ಲ.

ಈ ಲೆಕ್ಕ 1963ರಲ್ಲಿ ಪ್ರಕಟವಾಯಿತು. ಸಹಲೇಖಕರು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್. ಜಗತ್ತು ಅದನ್ನು ರಾಮಚಂದ್ರನ್ ನಕ್ಷೆ ಎಂದು ಕರೆಯುತ್ತದೆ. 1970ರ ಸುಮಾರಿಗೆ ರಾಮಚಂದ್ರನ್ ಮತ್ತೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರ ಘಟಕ ಕಟ್ಟಿದರು. ಶಶಿಶೇಖರನ್, ರಾಮಕೃಷ್ಣನ್ ಇಬ್ಬರೂ ಆ ಘಟಕದವರಾದರು. ಇಂದು ಜಗತ್ತಿನ ಯಾವುದೇ ಮೂಲೆಯಲ್ಲಿ ಯಾರಾದರೂ ಹೊಸ ಪ್ರೋಟೀನಿನ ರಚನೆ ಬಿಡಿಸಿದರೆ, ಅದು ಸರಿಯಿದೆಯೇ ಎಂದು ನೋಡುವ ಮೊದಲ ಪರೀಕ್ಷೆಗಳಲ್ಲಿ ಈ ನಕ್ಷೆಯೂ ಒಂದು. ಸರಪಳಿಯ ಹೆಚ್ಚು ಬಿಂದುಗಳು ನಿಷಿದ್ಧ ಜಾಗದಲ್ಲಿ ಬಿದ್ದಿದ್ದರೆ ಬಿಡಿಸಿದವರು ಎಲ್ಲೋ ಎಡವಿದ್ದಾರೆ ಎಂದರ್ಥ. 2024ರಲ್ಲಿ ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಿಂದ ಊಹಿಸಿದ್ದಕ್ಕೆ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು, ಹೊಸ ಪ್ರೋಟೀನುಗಳನ್ನೇ ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಜೊತೆಗೆ. ಅವರ ಕಂಪ್ಯೂಟರು ಕೊಟ್ಟ ಆಕಾರಗಳನ್ನೂ ಇದೇ ನಕ್ಷೆಯ ಮೇಲಿಟ್ಟು ನೋಡುತ್ತಾರೆ.

ತೃತೀಯ ರಚನೆ ಎಂದರೆ ಸುರುಳಿ, ಹಾಳೆ, ನಡುವಿನ ತಿರುವುಗಳೆಲ್ಲ ಸೇರಿ ಇಡೀ ಸರಪಳಿ ಪಡೆಯುವ ಮೂರು ಆಯಾಮದ ಆಕಾರ. ನೀರಿಗೆ ಒಗ್ಗದ ಅಮೈನೋ ಆಮ್ಲಗಳು ಒಳಗೆ ಅವಿತುಕೊಳ್ಳುತ್ತವೆ, ನೀರಿಗೆ ಒಗ್ಗುವಂಥವು ಹೊರಮೈಯಲ್ಲಿ ಉಳಿಯುತ್ತವೆ. ಈ ಆಕಾರದ ಆದೇಶ ಎಲ್ಲಿಂದ ಬರುತ್ತದೆ? ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸೆನ್, 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ಯೂರಿಯಾ ದ್ರಾವಣದಲ್ಲಿ ಪೂರ್ತಿ ಬಿಚ್ಚಿಹಾಕಿದರು. ಅದರ ಗಂಧಕದ ಕೊಂಡಿಗಳನ್ನೂ ಮುರಿದರು. ಆಮೇಲೆ ಯೂರಿಯಾ ತೆಗೆದರೆ ಸರಪಳಿ ಯಾರ ನೆರವೂ ಇಲ್ಲದೆ ಮತ್ತೆ ಮಡಚಿಕೊಂಡು ಕೆಲಸಕ್ಕೆ ನಿಂತಿತು. ಆಕಾರದ ಸೂಚನೆ ಅನುಕ್ರಮದಲ್ಲೇ ಇದೆ ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸಲಾಗದು. 1972ರ ನೊಬೆಲ್ ಪಾಲುದಾರರಲ್ಲಿ ಅವರೂ ಒಬ್ಬರು.

ಅನುಕ್ರಮ ಗೊತ್ತಾದರೆ ಆಕಾರ ಗೊತ್ತು, ಆಕಾರ ಗೊತ್ತಾದರೆ ಅವು ಜೊತೆಗೂಡುವ ರೀತಿಯೂ ಗೊತ್ತು ಎಂದು ಇಲ್ಲಿಗೆ ಅನಿಸಬಹುದು. ಮೊದಲ ಅರ್ಧ ಬಹುಮಟ್ಟಿಗೆ ಸರಿ. ಎರಡನೇ ಅರ್ಧ ಅಷ್ಟು ಸಲೀಸಲ್ಲ ಎಂದು ತೋರಿಸಿದ್ದು ನಮ್ಮ ಕಡಲೆಕಾಯಿ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ರಾಶಿ ಬೀಳುತ್ತದಲ್ಲ, ಅದೇ ಕಡಲೆಕಾಯಿ. ಅದರ ಬೀಜದಲ್ಲಿ ಒಂದು ಲೆಕ್ಟಿನ್ ಇದೆ. ಲೆಕ್ಟಿನ್ ಎಂದರೆ ಜೀವಕೋಶದ ಮೈಮೇಲಿನ ಸಕ್ಕರೆ ಅಣುಗಳನ್ನು ಗುರುತಿಸಿ ಹಿಡಿದುಕೊಳ್ಳುವ ಪ್ರೋಟೀನ್. ಕಡಲೆಕಾಯಿಯದು ಟಿ-ಆಂಟಿಜನ್ ಎಂಬ ಸಕ್ಕರೆಯ ಜೋಡಿಯನ್ನು ಹಿಡಿಯುತ್ತದೆ. ಆರೋಗ್ಯವಂತ ಜೀವಕೋಶಗಳಲ್ಲಿ ಈ ಜೋಡಿ ಸಾಮಾನ್ಯವಾಗಿ ಮುಚ್ಚಿರುತ್ತದೆ, ಅನೇಕ ಕ್ಯಾನ್ಸರ್ ಕೋಶಗಳಲ್ಲಿ ತೆರೆದುಕೊಂಡಿರುತ್ತದೆ. ಹಾಗಾಗಿ ಸಂಶೋಧಕರಿಗೆ ಈ ಲೆಕ್ಟಿನ್ ಮೇಲೆ ಬಹಳ ಕಾಲದಿಂದ ಕಣ್ಣು. ಅದರ ರಚನೆ ಬಿಡಿಸಲು ಹೊರಟವರು ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಜೊತೆಗೆ ಲೆಕ್ಟಿನ್‌ಗಳ ತಜ್ಞ ಅವಧೇಶ ಸುರೋಲಿಯಾ ಮತ್ತು ಒಂದಿಷ್ಟು ವಿದ್ಯಾರ್ಥಿಗಳು.

ವಿಜಯನ್ ಕೇರಳದ ತ್ರಿಶೂರು ಜಿಲ್ಲೆಯವರು. ಬೆಂಗಳೂರಿನಲ್ಲಿ ಎಂ. ಎ. ವಿಶ್ವಾಮಿತ್ರ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದರು. ಆಮೇಲೆ ಆಕ್ಸ್‌ಫರ್ಡ್‌ಗೆ ಹೋಗಿ ಡೊರೊಥಿ ಹಾಡ್ಜ್‌ಕಿನ್ ಅವರ ಗುಂಪು ಸೇರಿದರು. ಆ ಗುಂಪು 1969ರಲ್ಲಿ ಇನ್ಸುಲಿನ್ನಿನ ಸ್ಫಟಿಕ ರಚನೆ ಪ್ರಕಟಿಸಿದಾಗ ಲೇಖಕರ ಸಾಲಿನಲ್ಲಿ ಅವರ ಹೆಸರೂ ಇತ್ತು. ಹಿಂದಿರುಗಿ ರಾಮಚಂದ್ರನ್‌ರ ಹೊಸ ಘಟಕ ಸೇರಿ, ಭಾರತದಲ್ಲಿ ಪ್ರೋಟೀನ್ ಸ್ಫಟಿಕಶಾಸ್ತ್ರಕ್ಕೆ ಬುನಾದಿ ಹಾಕಿದರು. 2022ರಲ್ಲಿ ತೀರಿಕೊಂಡರು.

ಕಡಲೆಕಾಯಿಯ ಲೆಕ್ಟಿನ್ನಿನಲ್ಲಿ ಒಂದೇ ತೆರನಾದ ನಾಲ್ಕು ಸರಪಳಿಗಳಿವೆ. ಒಟ್ಟು ಅಣುಭಾರ ಸುಮಾರು 1,10,000. ಹೀಗೆ ನಾಲ್ಕು ಸಮಾನ ತುಣುಕುಗಳಿರುವ ಪ್ರೋಟೀನುಗಳಿಗೆ ಒಂದು ಶಿಸ್ತಿದೆ ಎಂದು ಎಲ್ಲರೂ ನಂಬಿದ್ದರು. ಕೇರಂ ಬೋರ್ಡಿನ ಸುತ್ತ ಕೂತ ನಾಲ್ವರನ್ನು ನೆನಪಿಸಿಕೊಳ್ಳಿ: ಬೋರ್ಡನ್ನು ಕಾಲು ಸುತ್ತು ತಿರುಗಿಸಿದರೂ ಪ್ರತಿಯೊಬ್ಬರ ಎದುರಿಗೂ ಒಬ್ಬ, ಎಡಕ್ಕೊಬ್ಬ, ಬಲಕ್ಕೊಬ್ಬ, ಯಾರ ಜಾಗಕ್ಕೂ ವ್ಯತ್ಯಾಸವಿಲ್ಲ. ಇದು ಒಂದು ಬಗೆಯ ಸಮ್ಮಿತಿ. ಇನ್ನೊಂದು ಬಗೆಯಲ್ಲಿ ಪರಸ್ಪರ ಲಂಬವಾದ ಮೂರು ಅಕ್ಷಗಳಿರುತ್ತವೆ, ಯಾವ ಅಕ್ಷದ ಸುತ್ತ ಅರ್ಧ ಸುತ್ತು ಹಾಕಿದರೂ ಅಣು ಮೊದಲಿನಂತೆಯೇ ಕಾಣುತ್ತದೆ. ನಾಲ್ಕು ಸಮಾನ ತುಣುಕಿನ ಪ್ರೋಟೀನ್ ಎಂದರೆ ಈ ಎರಡರಲ್ಲಿ ಒಂದು ಇದ್ದೇ ಇರಬೇಕು. ಎರಡರಲ್ಲೂ ನಾಲ್ಕೂ ಸರಪಳಿಗಳ ಪರಿಸ್ಥಿತಿ ಒಂದೇ ಆಗಿರುತ್ತದೆ, ಸಮಾನ ತುಣುಕುಗಳು ಸಮಾನ ಜಾಗದಲ್ಲಿ ಕೂರುವುದು ನ್ಯಾಯವೂ ಹೌದು.

1994ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಜಯನ್ ತಂಡದ ಪ್ರಬಂಧ ಬಂತು. ಕಡಲೆಕಾಯಿಯ ಲೆಕ್ಟಿನ್ನಿಗೆ ಆ ಎರಡು ಸಮ್ಮಿತಿಗಳಲ್ಲಿ ಯಾವುದೂ ಇರಲಿಲ್ಲ. ನಾಲ್ಕು ಸರಪಳಿಗಳು ಎರಡೆರಡಾಗಿ ಜೋಡಿ ಕಟ್ಟಿದ್ದವು, ಜೋಡಿಯ ಒಳಗೆ ಅರ್ಧ ಸುತ್ತಿನ ಸಂಬಂಧ ಸರಿಯಾಗಿತ್ತು. ಜೋಡಿಗೂ ಜೋಡಿಗೂ ನಡುವೆಯೂ ಅರ್ಧ ಸುತ್ತಿನ ಸಂಬಂಧವಿತ್ತು. ಆದರೆ ಈ ಅಕ್ಷಗಳು ಒಂದಕ್ಕೊಂದು ಹೊಂದಿ ಒಂದು ಮುಚ್ಚಿದ ಲೆಕ್ಕವಾಗುತ್ತಿರಲಿಲ್ಲ. ಫಲವಾಗಿ ಅಣುವಿನ ಮಧ್ಯಭಾಗದಲ್ಲಿ ಎದುರು ಜೋಡಿಗೆ ತಾಗಿಕೊಂಡ ಸರಪಳಿಯ ನೆರೆಹೊರೆಯೇ ಬೇರೆ, ಅಂಚಿನಲ್ಲಿ ಉಳಿದ ಅದರ ಜೊತೆಗಾರನ ನೆರೆಹೊರೆಯೇ ಬೇರೆ.

ಇದರ ಮಹತ್ವ ತಿಳಿಯಬೇಕಾದರೆ ಕಡಲೆಕಾಯಿಯ ಬಂಧುಬಳಗವನ್ನೂ ನೋಡಬೇಕು. ಬಟಾಣಿಯ ಲೆಕ್ಟಿನ್ ಇದೆ, ಕನವೇಲಿಯ ಜಾತಿಯ ಕಾಳಿನ ಕಾನ್‌ಕನವಲಿನ್ ಇದೆ. ಕಾಫಿ ತೋಟದವರಿಗೆ ಗೊತ್ತಿರುವ ಹಾಲವಾಣದ ಸಂಬಂಧಿ ಮರವೊಂದರ ಬೀಜದ್ದೂ ಇದೆ. ಈ ದ್ವಿದಳ ಧಾನ್ಯಗಳ ಲೆಕ್ಟಿನ್‌ಗಳೆಲ್ಲವುಗಳ ತೃತೀಯ ರಚನೆ ಹೆಚ್ಚುಕಡಿಮೆ ಒಂದೇ, ಬೀಟಾ ಹಾಳೆಗಳ ಅದೇ ಮಡಿಕೆ. ಚತುರ್ಥ ರಚನೆ ಮಾತ್ರ ಮನೆಗೊಂದು ಬಗೆ. ಬಟಾಣಿಯಲ್ಲಿ ಎರಡು ತುಣುಕು, ಕಾನ್‌ಕನವಲಿನ್ನಿನಲ್ಲಿ ಶಿಸ್ತಿನ ನಾಲ್ಕು, ಕಡಲೆಕಾಯಿಯಲ್ಲಿ ಶಿಸ್ತು ಮೀರಿದ ನಾಲ್ಕು. ಹಾಲವಾಣದ ಬಳಗದ ಲೆಕ್ಟಿನ್ನಿನಲ್ಲಿ ಜೋಡಣೆ ಬೇರೆಯಾಗಿರುವುದಕ್ಕೆ ಅದರ ಮೈಗೆ ಅಂಟಿದ ಸಕ್ಕರೆಯ ಎಳೆಗಳೇ ಕಾರಣ ಎಂದು ಮೊದಲು ವಾದವಿತ್ತು. ಕಡಲೆಕಾಯಿಯದಕ್ಕೆ ಅಂಥ ಸಕ್ಕರೆಯೇ ಅಂಟಿಲ್ಲ, ಆದರೂ ಜೋಡಣೆ ಬೇರೆ. ಹಾಗಾಗಿ ಕಾರಣ ಪ್ರೋಟೀನಿನ ಒಳಗೇ, ಅದರ ಅನುಕ್ರಮದ ಸಣ್ಣಪುಟ್ಟ ವ್ಯತ್ಯಾಸಗಳಲ್ಲೇ ಇರಬಹುದು ಎಂದು ವಿಜಯನ್ ತಂಡ ಹೇಳಿತು. ಇಡೀ ಸರಪಳಿಯ ಮಡಿಕೆಯನ್ನು ಅಲುಗಿಸದ ವ್ಯತ್ಯಾಸ, ಜೊತೆಗಾರನ ಜೊತೆ ಕೂರುವ ಭಂಗಿಯನ್ನು ಬದಲಿಸಿಬಿಡುತ್ತದೆ. ನಾಲ್ಕನೇ ಮಟ್ಟಕ್ಕೆ ಪ್ರತ್ಯೇಕ ಹೆಸರು ಯಾಕೆ ಬೇಕು ಎಂದು ಕೇಳಿದರೆ ನಾನು ಕೊಡುವ ಉದಾಹರಣೆ ಇದೇ.

ಎರಡು ವರ್ಷದ ನಂತರ, 1996ರಲ್ಲಿ, ಅದೇ ಘಟಕದವರು ಹಲಸಿನ ಬೀಜದ ಲೆಕ್ಟಿನ್ ಜ್ಯಾಕಲಿನ್ ರಚನೆ ಬಿಡಿಸಿದರು. ಈ ಸಲ ಅಚ್ಚರಿ ಎರಡು ಕಡೆ. ತೃತೀಯ ರಚನೆ ಅದುವರೆಗೆ ಯಾವ ಲೆಕ್ಟಿನ್ನಿನಲ್ಲೂ ಕಾಣದ್ದು: ಮೂರು ಬೀಟಾ ಹಾಳೆಗಳು ಸೇರಿ ಪಟ್ಟಕದ ಆಕಾರ. ಪ್ರಾಥಮಿಕ ರಚನೆಯಲ್ಲೂ ಒಂದು ಗಮ್ಮತ್ತಿದೆ. ಹಲಸು ಮೊದಲು ಒಂದೇ ಸರಪಳಿ ತಯಾರಿಸಿ, ಆಮೇಲೆ ಅದನ್ನು ಕತ್ತರಿಸಿ 133 ಮತ್ತು 20 ಅಮೈನೋ ಆಮ್ಲಗಳ ಎರಡು ತುಣುಕು ಮಾಡುತ್ತದೆ. ಕತ್ತರಿಸಿದಲ್ಲಿ ಹೊಸದಾಗಿ ತೆರೆದುಕೊಂಡ ತುದಿಯೇ ಸಕ್ಕರೆಯನ್ನು ಹಿಡಿಯುವುದರಲ್ಲಿ ಪಾಲುಗೊಳ್ಳುತ್ತದೆ. ಕತ್ತರಿಸದಿದ್ದರೆ ಆ ಹಿಡಿತ ಇಲ್ಲ. ಪ್ರಾಥಮಿಕ ರಚನೆ ಒಮ್ಮೆ ಬರೆದರೆ ಬರೆದಂತೆ ಎಂದು ತಿಳಿಯಬೇಡಿ, ಕೋಶ ಅದನ್ನೂ ಆಮೇಲೆ ತಿದ್ದುತ್ತದೆ. ದೊಡ್ಡಬಳ್ಳಾಪುರದ ಕಡೆಯ ತೂಬಗೆರೆ ಹಲಸು ತಿಂದು ಬೀಜ ಬೇಯಿಸುವಾಗ ಇದನ್ನು ಮಗಳಿಗೆ ಹೇಳಬಹುದು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಚತುರ್ಥ ರಚನೆ ಇನ್ನೂ ಹತ್ತಿರದ ವಿಷಯ. ಇನ್ಸುಲಿನ್ ಕೂಡ ಹುಟ್ಟುವಾಗ ಒಂದೇ ಸರಪಳಿ. ನಡುವಿನ ತುಣುಕು ಕತ್ತರಿಸಿದ ಮೇಲೆ ಎರಡಾಗುತ್ತದೆ. ವೈದ್ಯರು ಕೆಲವೊಮ್ಮೆ ಬರೆಯುವ ಸಿ-ಪೆಪ್ಟೈಡ್ ಪರೀಕ್ಷೆ ಆ ಕತ್ತರಿಸಿದ ತುಣುಕನ್ನೇ ಅಳೆಯುವುದು. ಸೀಸೆಯಲ್ಲಿ ಇನ್ಸುಲಿನ್ ಅಣುಗಳು ಸತುವಿನ ಸುತ್ತ ಆರಾರು ಕೂಡಿ ಕೂತಿರುತ್ತವೆ, ಆಕ್ಸ್‌ಫರ್ಡ್‌ನಲ್ಲಿ ವಿಜಯನ್ ಮತ್ತು ಸಂಗಡಿಗರು ಕಂಡದ್ದು ಈ ಆರರ ಕೂಟವನ್ನೇ. ಚುಚ್ಚಿದ ಮೇಲೆ ಕೂಟ ಚದುರಿ ಒಂಟಿ ಅಣುಗಳಾದರೆ ಮಾತ್ರ ರಕ್ತಕ್ಕೆ ಬೇಗ ಇಳಿಯುತ್ತದೆ. ಅದಕ್ಕೆ ಹೊತ್ತು ಬೇಕಾದ್ದರಿಂದಲೇ ಹಳೆಯ ರೆಗ್ಯುಲರ್ ಇನ್ಸುಲಿನ್ನನ್ನು ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು ತೆಗೆದುಕೊಳ್ಳಲು ಹೇಳುತ್ತಾರೆ. ಲಿಸ್‌ಪ್ರೋ ಎಂಬ ಇನ್ಸುಲಿನ್ನಿನಲ್ಲಿ ಮಾಡಿದ್ದು ಇಷ್ಟೇ: ಒಂದು ಸರಪಳಿಯ 28 ಮತ್ತು 29ನೇ ಅಮೈನೋ ಆಮ್ಲಗಳನ್ನು, ಪ್ರೋಲೀನ್ ಮತ್ತು ಲೈಸೀನ್‌ಗಳನ್ನು, ಅದಲುಬದಲು ಮಾಡಿದರು. ಕೂಟದ ಹಿಡಿತ ಸಡಿಲವಾಗಿ ಬೇಗ ಚದುರುತ್ತದೆ, ಊಟಕ್ಕೆ ಕೂರುವ ಹೊತ್ತಿಗೆ ಚುಚ್ಚಿಕೊಂಡರೆ ಸಾಕಾಗುತ್ತದೆ. ಪ್ರಾಥಮಿಕ ರಚನೆಯಲ್ಲಿ ಎರಡು ಅಕ್ಷರದ ಬದಲಾವಣೆ, ಫಲ ಚತುರ್ಥ ರಚನೆಯಲ್ಲಿ. ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ಯೀಸ್ಟ್ ಕೋಶಗಳಿಂದ ಬಂದದ್ದು. ಅಂಥ ಕಾರ್ಖಾನೆಗಳಲ್ಲಿ ಅನುಕ್ರಮ ಸರಿ ಬಂದರೆ ಕೆಲಸ ಮುಗಿಯುವುದಿಲ್ಲ, ಮಡಿಕೆಯೂ ಗಂಧಕದ ಕೊಂಡಿಗಳೂ ಸರಿ ಕೂಡಿದ್ದರೆ ಮಾತ್ರ ಅದು ಔಷಧಿ. ಇನ್ಸುಲಿನ್ನನ್ನು ಫ್ರೀಜರಿನಲ್ಲಿಡಬೇಡಿ, ಬಿಸಿಲಿಗೆ ಬಿಡಬೇಡಿ ಎನ್ನುವುದು ಈ ಆಕಾರ ಕಾಪಾಡಲಿಕ್ಕೇ.

ಅನುಕ್ರಮದ ಸಣ್ಣ ಬದಲಾವಣೆ ಅಣುಗಳ ಕೂಟದಲ್ಲಿ ಫಲ ಕೊಡುವುದರ ಕೆಟ್ಟ ಮುಖ ಕುಡುಗೋಲು ಕಣ ರೋಗ. ನೀಲಗಿರಿಯ ಬುಡಕಟ್ಟು ಜನರಲ್ಲಿ 1952ರಲ್ಲೇ ಅದನ್ನು ಗುರುತಿಸಿದ್ದರು, ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲಿಯೂ ಇದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಆಗಿರುತ್ತದೆ, ಅಷ್ಟೇ. ಸರಪಳಿಯ ಮಡಿಕೆ ಹೆಚ್ಚು ಬದಲಾಗುವುದಿಲ್ಲ. ಆದರೆ ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಆ ವ್ಯಾಲೀನ್ ಮೂಲಕ ಪಕ್ಕದ ಅಣುವಿಗೆ ಅಂಟಿಕೊಂಡು ಉದ್ದನೆಯ ನಾರುಗಳಾಗುತ್ತವೆ, ರಕ್ತಕಣ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ವರ್ನನ್ ಇಂಗ್ರಾಮ್ 1957ರಲ್ಲಿ ಈ ಒಂದು ವ್ಯತ್ಯಾಸವನ್ನು ಹುಡುಕಿ ತೆಗೆದಾಗ, ಒಂದು ಆನುವಂಶಿಕ ಕಾಯಿಲೆಯ ಮೂಲವನ್ನು ಒಂದೇ ಅಮೈನೋ ಆಮ್ಲದಲ್ಲಿ ತೋರಿಸಿದಂತಾಯಿತು.

ಇನ್ನು ಒಲೆಯ ಹತ್ತಿರ ಬರೋಣ. ಕಾವಲಿಯ ಮೇಲೆ ಮೊಟ್ಟೆ ಒಡೆದು ಸಣ್ಣ ಉರಿಯಲ್ಲಿ ನೋಡುತ್ತಿರಿ. ಬಿಳಿಭಾಗ ಮೊದಲು ಪಾರದರ್ಶಕ. 60 ಡಿಗ್ರಿ ದಾಟಿದಾಗ ಅಂಚಿನಿಂದ ಮಸುಕಾಗತೊಡಗುತ್ತದೆ, ಸುಲಭವಾಗಿ ಬಿಚ್ಚುವ ಪ್ರೋಟೀನುಗಳು ಆಗ ಬಿಚ್ಚಿಕೊಳ್ಳುತ್ತವೆ. ಬಿಳಿಭಾಗದಲ್ಲಿ ಅತಿ ಹೆಚ್ಚಿರುವ ಓವಾಲ್ಬ್ಯುಮಿನ್ ಜಗ್ಗುವುದು 80ರ ಆಸುಪಾಸಿನಲ್ಲಿ, ಆಗಲೇ ಪೂರ್ತಿ ಗಟ್ಟಿ. ಬಿಸಿ ಮುರಿದದ್ದು ದ್ವಿತೀಯ ಮತ್ತು ತೃತೀಯ ರಚನೆಗಳನ್ನು ಹಿಡಿದಿಟ್ಟ ದುರ್ಬಲ ಬಂಧಗಳನ್ನು. ಒಳಗೆ ಅವಿತಿದ್ದ ನೀರೊಲ್ಲದ ಭಾಗಗಳು ಹೊರಬಿದ್ದು, ಒಂದು ಸರಪಳಿಯದು ಇನ್ನೊಂದಕ್ಕೆ ತಗುಲಿ ಸಿಕ್ಕುಸಿಕ್ಕಾದವು. ಆನ್‌ಫಿನ್ಸೆನ್ನರ ಕಿಣ್ವದಂತೆ ಇವು ಮರಳಿ ಮಡಚಿಕೊಳ್ಳಲಾರವು, ಏಕೆಂದರೆ ಇಲ್ಲಿ ಜನಜಂಗುಳಿ ಜಾಸ್ತಿ. ಪೆಪ್ಟೈಡ್ ಬಂಧ ಮಾತ್ರ ಗಟ್ಟಿ, ಅಡುಗೆಮನೆಯ ಬಿಸಿಗೆ ಅದು ಮುರಿಯುವುದಿಲ್ಲ. ಅನುಕ್ರಮ ಹಾಗೆಯೇ ಉಳಿದಿರುತ್ತದೆ, ಅಮೈನೋ ಆಮ್ಲಗಳೂ ಉಳಿದಿರುತ್ತವೆ. ಪೆಪ್ಟೈಡ್ ಬಂಧ ಕತ್ತರಿಸುವುದು ನಿಮ್ಮ ಜಠರ ಮತ್ತು ಸಣ್ಣ ಕರುಳಿನ ಕಿಣ್ವಗಳ ಕೆಲಸ. ಬಿಗಿಯಾಗಿ ಮಡಚಿದ ಹಸಿ ಪ್ರೋಟೀನಿಗಿಂತ ಬಿಚ್ಚಿಕೊಂಡ ಸರಪಳಿ ಆ ಕಿಣ್ವಗಳ ಬಾಯಿಗೆ ಸುಲಭವಾಗಿ ಸಿಗುತ್ತದೆ.

ಹಾಲು ಕಾಯಿಸದೆ ಹೆಪ್ಪು ಹಾಕಿದರೆ ಮೊಸರು ತೆಳ್ಳಗಾಗುವುದಕ್ಕೂ ಇದೇ ಕಾರಣ: ಕಾಯಿಸಿದಾಗ ಹಾಲಿನ ತಿಳಿಯಲ್ಲಿನ ಪ್ರೋಟೀನು ಬಿಚ್ಚಿ ಕೇಸೀನ್‌ಗೆ ಅಂಟುತ್ತದೆ, ಆಮೇಲೆ ಹುಳಿ ಬಂದಾಗ ಮೊಸರು ಗಟ್ಟಿಯಾಗಿ ಕೂರುತ್ತದೆ. ಕೆಲವು ಕಡೆ ಆಕಾರ ಕೆಡಿಸದೆ ತಿಂದರೆ ಅಪಾಯವೇ ಇದೆ. ಹಸಿ ರಾಜ್ಮಾದ ಲೆಕ್ಟಿನ್ ವಾಂತಿ ಭೇದಿ ತರುವಂಥದ್ದು. ನೆನೆಸಿ, ನೀರು ಚೆಲ್ಲಿ, ಕುಕ್ಕರಿನಲ್ಲಿ ಕೂಗಿಸಿದರೆ ಅದರ ಆಕಾರವೂ ಹೋಯಿತು, ವಿಷವೂ ಹೋಯಿತು. ಕುದಿಯುವ ಮಟ್ಟ ಮುಟ್ಟದ ಸಣ್ಣ ಬಿಸಿಯ ಸ್ಲೋ ಕುಕ್ಕರಿನಲ್ಲಿ ನೇರವಾಗಿ ರಾಜ್ಮಾ ಇಡಬೇಡಿ. ಹಾಗಾಗಿ ಕೆಟ್ಟ ಪ್ರೋಟೀನ್ ತಿನ್ನುತ್ತಿದ್ದೇವೆಯೇ ಎಂಬ ಚಿಂತೆ ಬಿಡಿ. ನಮ್ಮ ಹೊಟ್ಟೆಗೆ ಬೇಕಾದ್ದು ಅಮೈನೋ ಆಮ್ಲ, ಕಡಲೆಕಾಯಿಗೋ ಕೋಳಿಗೋ ಬೇಕಿದ್ದ ಆಕಾರ ಅಲ್ಲ.

ಮಗಳಿಗೆ ಒಂದು ಮಾತು. ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಜಾಲತಾಣ ಎಲ್ಲರಿಗೂ ಉಚಿತ, ಫೋನಿನಲ್ಲೇ ತೆರೆಯುತ್ತದೆ. ಪ್ರತಿ ರಚನೆಗೂ ನಾಲ್ಕು ಅಕ್ಷರದ ಗುರುತು ಇದೆ: ಕಡಲೆಕಾಯಿಯ ಲೆಕ್ಟಿನ್ 2ಪಿಇಎಲ್, ಹಲಸಿನದು 1ಜೆಎಸಿ, ಹಿಮೋಗ್ಲೋಬಿನ್ 2ಎಚ್‌ಎಚ್‌ಬಿ, ಇನ್ಸುಲಿನ್ 4ಐಎನ್‌ಎಸ್. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಚಿತ್ರವನ್ನು ಬೆರಳಿನಿಂದ ತಿರುಗಿಸಿ, ಸುರುಳಿ ಯಾವುದು, ಹಾಳೆ ಯಾವುದು, ಸರಪಳಿ ಎಷ್ಟು ಎಂದು ಅವಳೇ ಎಣಿಸಲಿ. ಪರೀಕ್ಷೆಯಲ್ಲಿ ಚತುರ್ಥ ರಚನೆಗೆ ಉದಾಹರಣೆ ಕೇಳಿದರೆ ಹಿಮೋಗ್ಲೋಬಿನ್ ಎಂದು ಬರೆಯುವುದೇ ವಾಡಿಕೆ. ಕಡಲೆಕಾಯಿಯ ಲೆಕ್ಟಿನ್ ಎಂದು ಬರೆದರೂ ಉತ್ತರ ಸರಿಯೇ.